ಗಾಳಿಗೆ ಬಿಗಿ ಇಲ್ಲ: ಹಾಸನದ ಒಂದು ರಿಪೇರಿ ಅಂಗಡಿಯಲ್ಲಿ ಮಾಡಿಸಿದ ಗಮಕದ ಪೆಟ್ಟಿಗೆ

ಮೊದಲು ಈ ಪೆಟ್ಟಿಗೆಯ ಲೆಕ್ಕ ಹೇಳಿಬಿಡುತ್ತೇನೆ. ಇಂಥ ಬರಹ ಓದುವಾಗ ನಾನೂ ಬೆಲೆ ಎಲ್ಲಿದೆ ಅಂತಲೇ ಹುಡುಕುವವಳು. ಸೆನ್ಸರ್ 350 ರೂಪಾಯಿ, ಅದನ್ನು ಓದುವ ಪುಟ್ಟ ಬೋರ್ಡ್ 650, ಮರದ ಪೆಟ್ಟಿಗೆ 800, ಕಾಲಲ್ಲಿ ಒತ್ತುವ ಪೆಡಲ್ 250, ವೈರುಗೀರು 150, ಮಾಡಿಕೊಟ್ಟ ಅಂಗಡಿ ಹುಡುಗನ ಕೂಲಿ 2,500. ಒಟ್ಟು 4,700. ಒಂದು ವಾರ ಅಂದಿದ್ದು ಐದು ವಾರ ಆಯಿತು. ಐದಕ್ಕೆ ನಾಲ್ಕು ನಕ್ಷತ್ರ ಕೊಡಬೇಕೆಂದಿದ್ದೆ. ಕಾಯಿಸಿದ್ದಕ್ಕೆ ಅರ್ಧ ಕಿತ್ತುಕೊಂಡಿದ್ದೇನೆ.

ಪೆಟ್ಟಿಗೆ ಮಾಡುವ ಕೆಲಸ ಇಷ್ಟೇ. ಅದರ ಮುಂದೆ ಎಡಗೈ ಆಡಿಸಿದರೆ ಲ್ಯಾಪ್‌ಟಾಪಿನೊಳಗಿನ ವೀಣೆಯ ಸ್ವರ ಬಾಗುತ್ತದೆ. ಮುಟ್ಟುವಂತಿಲ್ಲ, ಒತ್ತುವಂತಿಲ್ಲ. ಕೈ ಎಷ್ಟು ದೂರ ಹೋಯಿತೋ ಸ್ವರ ಅಷ್ಟು ಏರುತ್ತದೆ.

ಇದು ಯಾಕೆ ಬೇಕಾಯಿತು ಅಂದರೆ, ನಾನು ವೀಣೆ ಟೀಚರ್. ಹಾಸನದ ಕೆ.ಆರ್. ಪುರಂನ ನಮ್ಮ ಮನೆಯ ಹಾಲಿನಲ್ಲೇ ಮೂವತ್ತು ವರ್ಷದಿಂದ ಪಾಠ. ಎರಡು ವರ್ಷದ ಹಿಂದೆ ಎಡಗೈ ಮಧ್ಯದ ಬೆರಳು ಮಡಚಿದರೆ ಟಕ್ ಅಂತ ಸಿಕ್ಕಿಕೊಳ್ಳುವುದಕ್ಕೆ ಶುರುವಾಯಿತು. ಟ್ರಿಗರ್ ಫಿಂಗರ್ ಅಂದರು ಡಾಕ್ಟರು. ಮೀಟುವುದು ಬಲಗೈ, ಅದಕ್ಕೇನೂ ಆಗಿಲ್ಲ. ಆದರೆ ವೀಣೆಯಲ್ಲಿ ತಂತಿಯನ್ನು ಮೆಟ್ಟಿಲ (ತಂತಿಯ ಕೆಳಗೆ ಸಾಲಾಗಿ ಕೂರಿಸಿದ ಅಡ್ಡಪಟ್ಟಿಗಳ) ಮೇಲೆ ಅಡ್ಡಕ್ಕೆ ಎಳೆಯುವುದು ಎಡಗೈ. ಒಂದೇ ಮೆಟ್ಟಿಲಿನಲ್ಲಿ ನಿಂತು ನಾಲ್ಕೈದು ಸ್ವರಸ್ಥಾನದಷ್ಟು (ಒಂದು ಸ್ಥಾಯಿಯಲ್ಲಿ ಇಂಥವು ಹನ್ನೆರಡು) ಮೇಲೆ ಹೋಗಿ ಬರಬಹುದು. ಗಮಕ, ಅಂದರೆ ಸ್ವರವನ್ನು ತೂಗಿಸಿ ಜಾರಿಸುವುದು, ಇರುವುದೇ ಅಲ್ಲಿ. ಅದಿಲ್ಲದೆ ತೋಡಿ ರಾಗ ನುಡಿಸಿದರೆ ಉಪ್ಪಿಲ್ಲದ ಸಾರು ಬಡಿಸಿದ ಹಾಗೆ.

ಅಂಗಡಿ ಸಿಕ್ಕಿದ್ದು ಆಕಸ್ಮಿಕ. ಶ್ರುತಿ ಪೆಟ್ಟಿಗೆ ಗೊರಗೊರ ಅನ್ನುತ್ತಿತ್ತು, ರಿಪೇರಿಗೆ ತೆಗೆದುಕೊಂಡು ಹೋಗಿದ್ದೆ. ಬಸ್ ಸ್ಟ್ಯಾಂಡ್ ಕಡೆಯ ಒಂದು ಗಲ್ಲಿ. ಒಂದು ಪಕ್ಕ ಬಳೆ ಅಂಗಡಿ, ಇನ್ನೊಂದು ಪಕ್ಕ ಆಲೂಗಡ್ಡೆ ಬಿತ್ತನೆ ಬೀಜದ ಅಂಗಡಿ. ನಡುವೆ ಎರಡು ಜನ ನಿಂತರೆ ತುಂಬಿಹೋಗುವಷ್ಟು ಜಾಗ. ಮಿಕ್ಸಿ, ಯುಪಿಎಸ್, ಬಿಚ್ಚಿಟ್ಟ ಟಿವಿ. ಆ ರಾಶಿಯ ಹಿಂದೆ ಒಬ್ಬ ಹುಡುಗ ಲ್ಯಾಪ್‌ಟಾಪ್ ಮುಂದೆ ಕೈ ಬೀಸುತ್ತಾ ಕೂತಿದ್ದ. ಕೈ ಮೇಲೆತ್ತಿದರೆ ಕುಂಯ್ ಅಂತ ಸದ್ದು ಏರುತ್ತಿತ್ತು, ಇಳಿಸಿದರೆ ಇಳಿಯುತ್ತಿತ್ತು.

"ಏನಪ್ಪಾ ಅದು?" ಅಂದೆ.

"ಸುಮ್ನೆ ಆಡ್ತಿದ್ದೆ ಕಣಮ್ಮ. ಕ್ಯಾಮೆರಾ ಕೈ ನೋಡ್ತದೆ, ಅದಕ್ಕೆ ತಕ್ಕಂಗೆ ಸೌಂಡ್ ಬರ್ತದೆ."

ಶ್ರುತಿ ಪೆಟ್ಟಿಗೆ ಮರೆತೇ ಹೋಯಿತು.

ಅವತ್ತು ಅವನು ತೋರಿಸಿದ್ದು ಲ್ಯಾಪ್‌ಟಾಪಿನ ಮಾಮೂಲಿ ಕ್ಯಾಮೆರಾದಲ್ಲಿ ನಡೆಯುವ ಆಟ. ಗೂಗಲ್‌ನ ಮೀಡಿಯಾಪೈಪ್ ಅಂತ ಒಂದು ಉಚಿತ ಸಲಕರಣೆ ಇದೆ. ಕೈಯ ಚಿತ್ರ ನೋಡಿ ಮಣಿಕಟ್ಟಿನಿಂದ ಬೆರಳ ತುದಿಯವರೆಗೆ 21 ಬಿಂದು ಗುರುತಿಸುತ್ತದೆ. ಯಾವ ಬಿಂದು ಎಲ್ಲಿದೆ ಅನ್ನುವುದು ಅಂಕಿಯಾಗಿ ಬರುತ್ತದೆ. ಆ ಅಂಕಿಯನ್ನು ಯಾವ ಸದ್ದಿಗೆ ಕಟ್ಟುತ್ತೀರಿ ಅನ್ನುವುದು ನಿಮಗೆ ಬಿಟ್ಟಿದ್ದು. ಅವನು ಕಟ್ಟಿದ್ದು ಹೀಗೆ: ಬಲಗೈ ಎತ್ತರ ಅಂದರೆ ಸ್ವರ, ಎಡಗೈ ಎತ್ತರ ಅಂದರೆ ಜೋರು ಮೆತ್ತಗೆ, ಮುಷ್ಟಿ ಕಟ್ಟಿ ಬಿಟ್ಟರೆ ಮೀಟು.

ನೋಡುವುದಕ್ಕೆ ಚೆನ್ನಾಗಿತ್ತು. ನುಡಿಸಲು ಹೋದೆ ನೋಡಿ, ಸರಳೆ ವರಸೆ ಕೂಡ ಬರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಸ ರಿ ಗ ಮ ಪ ದ ನಿ ಸ! ಗಾಳಿಯಲ್ಲಿ ಗಾಂಧಾರ, ಅಂದರೆ ಗ, ಎಲ್ಲಿದೆ ಅಂತ ಕೈಗೆ ಹೇಗೆ ಗೊತ್ತಾಗಬೇಕು? ವೀಣೆಯಲ್ಲಿ 24 ಮೆಟ್ಟಿಲಿವೆ, ಮೇಣದಲ್ಲಿ ಕೂರಿಸಿರುತ್ತಾರೆ, ಕಣ್ಣು ಮುಚ್ಚಿದರೂ ಬೆರಳು ಹೋಗಿ ಕೂರುತ್ತದೆ. ಇಲ್ಲಿ ಎಲ್ಲಾ ಬಯಲು. ಹತ್ತು ನಿಮಿಷಕ್ಕೆ ತೋಳು ಸೋತಿತು. ಮೇಲಾಗಿ ಮುಷ್ಟಿ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಕಳೆದು ಸದ್ದು ಬರುತ್ತಿತ್ತು. ಮಾತಾಡಿ ಮುಗಿಸಿದ ಮೇಲೆ ತುಟಿ ಆಡಿಸುವ ಡಬ್ಬಿಂಗ್ ಸಿನಿಮಾದ ಹಾಗೆ, ಉಲ್ಟಾ.

ಆ ತಡದ ಲೆಕ್ಕ ಆಮೇಲೆ ಅವನೇ ಬಿಡಿಸಿ ಹೇಳಿದ. ಕ್ಯಾಮೆರಾ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಅಂದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ 33 ಮಿಲಿಸೆಕೆಂಡ್. ಚಿತ್ರದಲ್ಲಿ ಕೈ ಹುಡುಕುವುದಕ್ಕೆ ಇನ್ನಷ್ಟು. ವಾದ್ಯ ನುಡಿಸುವವರಿಗೆ ಕೈಗೂ ಕಿವಿಗೂ ನಡುವೆ ಹತ್ತು ಮಿಲಿಸೆಕೆಂಡಿಗಿಂತ ಜಾಸ್ತಿ ಇರಬಾರದು ಅಂತ ಡೇವಿಡ್ ವೆಸೆಲ್ ಮತ್ತು ಮ್ಯಾಥ್ಯೂ ರೈಟ್ ಅನ್ನುವವರು 2002ರಲ್ಲೇ ಬರೆದಿದ್ದಾರಂತೆ. ಇದರ ಮೇಲೆ ಆ ಮಹಾರಾಯ ಅಂಗಡಿಯಲ್ಲಿ ಬ್ಲೂಟೂತ್ ಸ್ಪೀಕರ್ ಹಾಕಿದ್ದ. ಅದು ಒಂದೇ ನೂರು ಮಿಲಿಸೆಕೆಂಡಿಗೂ ಮೇಲೆ ತಡ ಮಾಡುತ್ತದೆ. ವೈರ್ ಇರುವ ಇಯರ್‌ಫೋನ್ ಹಾಕಿದ ಕೂಡಲೇ ಅರ್ಧ ಕಾಯಿಲೆ ವಾಸಿಯಾಯಿತು. ಇದನ್ನು ಯಾರಾದರೂ ಪ್ರಯತ್ನಿಸುವುದಾದರೆ ದಯವಿಟ್ಟು ಬ್ಲೂಟೂತ್ ಮುಟ್ಟಬೇಡಿ.

ಮನೆಗೆ ಬಂದ ಮೇಲೆ ಮಗಳು ಫೋನಿನಲ್ಲಿ ಥೆರೆಮಿನ್ ಬಗ್ಗೆ ಹೇಳಿದಳು. ರಷ್ಯಾದ ಲೆವ್ ಥೆರೆಮಿನ್ 1920ರ ಸುಮಾರಿಗೆ ಮಾಡಿದ ವಾದ್ಯ. ಎರಡು ಆಂಟೆನಾ. ಬಲಗೈ ಹತ್ತಿರ ಹೋದಷ್ಟೂ ಸ್ವರ ಏರುತ್ತದೆ, ಎಡಗೈ ಸದ್ದಿನ ಪ್ರಮಾಣ ನೋಡಿಕೊಳ್ಳುತ್ತದೆ. ಅಲ್ಲಿಗೆ ನಮ್ಮ ಹುಡುಗನ ಐಡಿಯಾಕ್ಕೆ ನೂರು ವರ್ಷ ಆಗಿದೆ. ಅದನ್ನು ನುಡಿಸಿ ಹೆಸರು ಮಾಡಿದ ಕ್ಲಾರಾ ರಾಕ್‌ಮೋರ್ ಮೊದಲು ಪಿಟೀಲು ನುಡಿಸುತ್ತಿದ್ದವರು. ಬಾಲ್ಯದಲ್ಲೇ ಭಾರಿ ಪ್ರತಿಭೆ. ಕೈ ತೊಂದರೆ ಕೊಟ್ಟಿತು, ಪಿಟೀಲು ಬಿಡಬೇಕಾಯಿತು, ಥೆರೆಮಿನ್ ಹಿಡಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವರು ಗಾಳಿಯಲ್ಲೇ ಬೆರಳು ಮಡಚಿ ಬಿಡಿಸಿ ಸ್ವರಗಳ ಅಂತರ ಅಳೆಯುವ ಕ್ರಮವನ್ನು ತಾವೇ ಕಂಡುಕೊಂಡರು. ಅಷ್ಟೇ ಅಲ್ಲ, ಥೆರೆಮಿನ್ ಹತ್ತಿರ ಹೇಳಿ ಮೂರು ಸ್ಥಾಯಿ ಇದ್ದ ವಾದ್ಯವನ್ನು ಐದು ಸ್ಥಾಯಿಗೆ ಹೆಚ್ಚಿಸಿಕೊಂಡರು, ಸದ್ದು ಇನ್ನೂ ಚುರುಕಾಗಿ ಏರಿ ಇಳಿಯುವ ಹಾಗೆ ಮಾಡಿಸಿಕೊಂಡರು. ಮಾಡುವವನು ಎಂಜಿನಿಯರ್ ಇರಬಹುದು, ಹೀಗೆ ಬೇಕು ಅಂತ ಹೇಳಬೇಕಾದವರು ನುಡಿಸುವವರು.

ನಾನೂ ಹೇಳುವುದಕ್ಕೆ ಹೋದೆ. ಅಂಗಡಿಯ ಸ್ಟೂಲ್ ಮೇಲೆ ಕೂತು ಕರಾರು ಹಾಕಿದೆ. ಸ್ವರ ಹಿಡಿಯುವುದು ಗಾಳಿಯಲ್ಲಿ ಬೇಡ. ಮಗಳು ಬಿಟ್ಟುಹೋದ 25 ಕೀಯ ಸಣ್ಣ ಕೀಬೋರ್ಡ್ ಇದೆ, ಬಲಗೈಯಲ್ಲಿ ಅದನ್ನು ಒತ್ತುತ್ತೇನೆ, ಮೀಟೂ ಅದೇ, ಸ್ವರವೂ ಅದೇ. ಎಡಗೈಗೆ ಒಂದೇ ಕೆಲಸ, ಎಳೆಯುವುದು. ಬೇರೆ ಏನೂ ಬೇಡ.

"ಅಷ್ಟೇನಾ? ಬೆರಳಿಗೊಂದೊಂದು ಎಫೆಕ್ಟ್ ಕೊಡಬಹುದು ಕಣಮ್ಮ, 21 ಪಾಯಿಂಟ್ ಐತೆ," ಅಂದ. ಬೇಸರವಾಗಿತ್ತು ಅವನಿಗೆ.

"ನಿಂಗೆ 21 ಇರಬಹುದು. ನಂಗೆ ಒಂದು ಕೊಡು, ಆದರೆ ಸರಿಯಾಗಿ ಕೊಡು," ಅಂದೆ.

ಇದರಲ್ಲಿ ಒಂದು ಉಪಾಯವೂ ಇತ್ತು, ಅದು ಅವನಿಗೇ ಮೊದಲು ಹೊಳೆದಿದ್ದು. ಮೀಟು ತಡವಾದರೆ ಕಿವಿ ಕೂಡಲೇ ಹಿಡಿಯುತ್ತದೆ. ಎಳೆತ ಹಾಗಲ್ಲ. ಸ್ವರ ಏರುವುದಕ್ಕೆ ಹೇಗೂ ಸಮಯ ಹಿಡಿಯುತ್ತದೆ, ಅಲ್ಲಿ ಇಪ್ಪತ್ತು ಮಿಲಿಸೆಕೆಂಡ್ ನುಂಗಿಕೊಳ್ಳಬಹುದು. ಚುರುಕಾಗಿರಬೇಕಾದ್ದನ್ನು ಕೀಗೆ ಕೊಟ್ಟು, ನಿಧಾನವಾದ್ದನ್ನು ಗಾಳಿಗೆ ಕೊಟ್ಟೆವು.

ಕ್ಯಾಮೆರಾ ಬಿಟ್ಟು ಅವನು ತಂದಿದ್ದು ಉಗುರಿನಷ್ಟಗಲದ ಒಂದು ಸೆನ್ಸರ್. ವಿಎಲ್53ಎಲ್0ಎಕ್ಸ್ ಅಂತ ಬಾಯಲ್ಲಿ ಹೇಳಲಾಗದ ಹೆಸರು. ಕಣ್ಣಿಗೆ ಕಾಣದ ಲೇಸರ್ ಬಿಟ್ಟು, ಅದು ಕೈಗೆ ತಾಗಿ ವಾಪಸ್ ಬರುವುದಕ್ಕೆ ಎಷ್ಟು ಹೊತ್ತಾಯಿತು ಅಂತ ನೋಡಿ ದೂರ ಹೇಳುತ್ತದೆ. ಎರಡು ಮೀಟರ್‌ವರೆಗೆ ಅಳೆಯಬಹುದಂತೆ. ನಮಗೆ ಬೇಕಿದ್ದು ಒಂದು ಗೇಣು. ಮೊದಲು ಅಲ್ಟ್ರಾಸೌಂಡ್ ಸೆನ್ಸರ್ ಕಟ್ಟಿ ನೋಡಿದ್ದ. ಕೈ ಒಂಚೂರು ಓರೆಯಾದರೆ ಅದರ ಸದ್ದು ಬೇರೆ ದಿಕ್ಕಿಗೆ ಚಿಮ್ಮಿ ಲೆಕ್ಕ ತಪ್ಪುತ್ತಿತ್ತು. ಓದುವ ಬೋರ್ಡಿನ ಚಿಪ್‌ನೊಳಗೇ ಯುಎಸ್‌ಬಿ ಇರುವುದರಿಂದ ಲ್ಯಾಪ್‌ಟಾಪ್ ಇದನ್ನು ನೇರವಾಗಿ ಒಂದು ಮಿಡಿ ವಾದ್ಯ ಅಂದುಕೊಳ್ಳುತ್ತದೆ.

ಮಿಡಿ ಅಂದರೆ ನನಗೆ ಮಾವಿನ ಮಿಡಿ, ಇಲ್ಲವೆ ತಂತಿ ಮಿಡಿಯುವುದು. ಇದು ಬೇರೆ ಮಿಡಿ. 1983ರಿಂದ ವಾದ್ಯಗಳೂ ಕಂಪ್ಯೂಟರುಗಳೂ ತಮ್ಮಲ್ಲೇ ಮಾತಾಡಿಕೊಳ್ಳುವ ಭಾಷೆ. ಆ ಭಾಷೆಯಲ್ಲಿ ಸಾಮಾನ್ಯ ಸೂಚನೆಗಳಿಗೆಲ್ಲ 0ಯಿಂದ 127ರವರೆಗೆ ಬರೀ 128 ಹಂತ. ಸ್ವರ ಬಾಗಿಸುವ ಸೂಚನೆಗೆ ಮಾತ್ರ 16,384 ಹಂತ. ಹುಡುಗ ಮೊದಲು ಕಟ್ಟಿದ್ದು 128ರದ್ದಕ್ಕೆ. ನಿಧಾನವಾಗಿ ಎಳೆದರೆ ಜಾರುವ ಬದಲು ಸ್ವರ ಮೆಟ್ಟಿಲು ಹತ್ತುತ್ತಿತ್ತು. "ಇದು ಜಾರು ಅಲ್ಲ ಕಣೋ, ಏಣಿ," ಅಂದೆ. ಅವನಿಗೆ ಕೇಳಿಸಲಿಲ್ಲ. ಇಯರ್‌ಫೋನ್ ಕೊಟ್ಟು, ಕಣ್ಣು ಮುಚ್ಚಿಸಿ, ಮೂರು ಸಲ ಕೇಳಿಸಿದೆ. ಆಮೇಲೆ ನಕ್ಕ.

ಇನ್ನೊಂದು ತಮಾಷೆ. ತೋಡಿಯ ಗಾಂಧಾರವನ್ನು ಸುಮ್ಮನೆ ನಿಲ್ಲಿಸುವ ಹಾಗಿಲ್ಲ. ಕೆಳಗೆ ಶುದ್ಧ ರಿಷಭ (ರಿ), ಮೇಲೆ ಶುದ್ಧ ಮಧ್ಯಮ (ಮ), ನಡುವೆ ತೂಗಬೇಕು. ರಿಷಭದ ಕೀ ಒತ್ತಿ ಎಳೆದೆ. ಸಾಧಾರಣ ಗಾಂಧಾರಕ್ಕೆ (ತೋಡಿಯ ಗಾಂಧಾರದ ಹೆಸರೇ ಅದು) ಬಂದು ಗೋಡೆಗೆ ಬಡಿದ ಹಾಗೆ ನಿಂತಿತು. ಎಷ್ಟು ಎಳೆದರೂ ಮಧ್ಯಮ ಮುಟ್ಟಲಿಲ್ಲ. ಅರ್ಧ ದಿನ ಸೆನ್ಸರ್ ಬೈದೆವು. ಕೊನೆಗೆ ನೋಡಿದರೆ ತಪ್ಪು ಸೆನ್ಸರಿನದ್ದಲ್ಲ. ಹೆಚ್ಚಿನ ಸಾಫ್ಟ್‌ವೇರ್ ವಾದ್ಯಗಳಲ್ಲಿ ಸ್ವರ ಬಾಗುವ ಮಿತಿಯನ್ನು ಎರಡೇ ಸ್ವರಸ್ಥಾನಕ್ಕೆ ಇಟ್ಟಿರುತ್ತಾರೆ. ಪಿಯಾನೋ ಮನೆಯವರ ಲೆಕ್ಕ ಅದು. ಐದಕ್ಕೆ ಏರಿಸಿದ ಮೇಲೆ ತೋಡಿ ಉಸಿರಾಡಿತು.

ಐದಕ್ಕೆ ಏರಿಸಿದ ಕೂಡಲೇ ಇನ್ನೊಂದು ರೋಗ ಹೊರಬಿತ್ತು. ಕೈ ಅಲುಗದೆ ಇದ್ದರೂ ಸೆನ್ಸರ್ ಹೇಳುವ ಅಂಕಿ ಎರಡು ಮೂರು ಮಿಲಿಮೀಟರ್ ಆಚೆ ಈಚೆ ಆಡುತ್ತದೆ. ಒಂದು ಗೇಣು ಜಾಗದಲ್ಲಿ ಐದು ಸ್ವರಸ್ಥಾನ ತುಂಬಿದರೆ ಮೂರು ಮಿಲಿಮೀಟರ್ ಅಂದರೆ ಸ್ವರಸ್ಥಾನದ ಸುಮಾರು ಹದಿನೈದನೇ ಒಂದು ಪಾಲು. ಪಂಚಮ (ಪ) ಚಳಿಗೆ ನಡುಗಿದ ಹಾಗೆ ಕೇಳುತ್ತಿತ್ತು. ಐದು ಅಂಕಿ ಸೇರಿಸಿ ಸರಾಸರಿ ತೆಗೆದ. ನಡುಕ ನಿಂತಿತು, ಆದರೆ ಎಳೆತಕ್ಕೆ ಸೋಮಾರಿತನ ಬಂತು. ಕೈ ಹೋಗಿ ಬಂದ ಮೇಲೆ ಸ್ವರ ಎದ್ದು ಹೊರಡುತ್ತಿತ್ತು. ಇದಕ್ಕೊಂದು ಒಳ್ಳೆಯ ದಾರಿ ಇದೆ, 2012ರಲ್ಲಿ ಪ್ರಕಟವಾಗಿದ್ದು, ಒನ್ ಯೂರೋ ಫಿಲ್ಟರ್ ಅಂತ ಹೆಸರು. ಕೈ ನಿಧಾನವಾಗಿದ್ದಾಗ ಜಾಸ್ತಿ ನಯ ಮಾಡು, ಜೋರಾಗಿ ಹೋದಾಗ ನಯ ಬಿಟ್ಟು ಚುರುಕಾಗು, ಇಷ್ಟೇ ಅದರ ಗುಟ್ಟು. ಹಾಕಿದ ದಿನ ನಾನು ಅಂಗಡಿಯಲ್ಲೇ ಸ್ಫುರಿತ ಅನ್ನುವ ಚುರುಕು ಗಮಕ ಆಡಿದೆ. ಪಕ್ಕದ ಬಳೆ ಅಂಗಡಿಯವರು ಇಣುಕಿ ನೋಡಿದರು.

ಈಗ ಸದ್ದಿನ ವಿಷಯ. ಮೊದಲು ಅವನು ವೀಣೆಯ ಒಂದೊಂದೇ ಸ್ವರ ರೆಕಾರ್ಡ್ ಮಾಡಿಟ್ಟ ಸಾಫ್ಟ್‌ವೇರ್ ಹಾಕಿಕೊಟ್ಟಿದ್ದ. ಎಳೆಯದೆ ಇದ್ದರೆ ಅಚ್ಚು ವೀಣೆ. ಎಳೆದರೆ ಮಾತ್ರ ಯಾರೋ ಸಣ್ಣ ಮಗು ಮಾತಾಡಿದ ಹಾಗೆ. ಯಾಕೆ ಅಂದರೆ ರೆಕಾರ್ಡನ್ನು ಬಾಗಿಸಿದಾಗ ತಂತಿಯ ಸ್ವರದ ಜೊತೆ ವೀಣೆಯ ಕೊಡದ (ದನಿ ತುಂಬುವ ಟೊಳ್ಳು ಬುರುಡೆಯ) ದನಿಯೂ ಮೇಲೇರಿಬಿಡುತ್ತದೆ. ನಿಜವಾದ ವೀಣೆಯಲ್ಲಿ ತಂತಿ ಬಿಗಿಯಾಗುತ್ತದೆ ಹೊರತು ಹಲಸಿನ ಮರದ ಕೊಡ ಚಿಕ್ಕದಾಗುವುದಿಲ್ಲವಲ್ಲ. ಹುಡುಗ ರೆಕಾರ್ಡ್ ಬಿಟ್ಟು ಪ್ಯೂರ್ ಡೇಟಾ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ತಂತಿಯನ್ನೇ ಲೆಕ್ಕದಲ್ಲಿ ಕಟ್ಟಿದ. ಕಾರ್‌ಪ್ಲಸ್ ಮತ್ತು ಸ್ಟ್ರಾಂಗ್ ಅನ್ನುವ ಇಬ್ಬರು 1983ರಲ್ಲಿ ಪ್ರಕಟಿಸಿದ ವಿಧಾನ. ಒಂದು ಚಿಟಿಕೆ ಗದ್ದಲವನ್ನು ಸುತ್ತು ಹೊಡೆಯಲು ಬಿಡುವುದು, ಪ್ರತಿ ಸುತ್ತಿಗೂ ಅದನ್ನು ಒಂಚೂರು ಮೆತ್ತಗೆ ಮಾಡುವುದು. ಸುತ್ತು ಸಣ್ಣದಾದರೆ ಸ್ವರ ಮೇಲೆ, ದೊಡ್ಡದಾದರೆ ಕೆಳಗೆ. ಕೇಳಿದರೆ ತಂತಿ ಮೀಟಿದ ಹಾಗೇ ಇರುತ್ತದೆ. ಇದರಲ್ಲಿ ಎಳೆತ ಸಹಜವಾಗಿದೆ. ಆದರೆ ದನಿ ಮಾತ್ರ ಬಡಕಲು. ಆ ಮಾತಿಗೆ ಆಮೇಲೆ ಬರುತ್ತೇನೆ.

ಇಷ್ಟಾದ ಮೇಲೂ ಏನೋ ಕೊರತೆ. ಯಂತ್ರ ಸರಿ ಇದೆ, ಕೈ ಸರಿ ಇಲ್ಲ. ದಿನವೂ ಅಭ್ಯಾಸ ಮಾಡಿದೆ. ಮಧ್ಯಮಕ್ಕೆ ಹೋಗಬೇಕಾದ್ದು ಒಮ್ಮೆ ಮುಂಚೆ ನಿಲ್ಲುತ್ತಿತ್ತು, ಒಮ್ಮೆ ದಾಟುತ್ತಿತ್ತು. ಕಿವಿ ತಿದ್ದುತ್ತಿತ್ತು, ಆದರೆ ತಿದ್ದಿದ್ದು ಕೇಳಿಸುತ್ತಿತ್ತು. ಒಂದು ರಾತ್ರಿ ಗೋಡೆಗೆ ಒರಗಿಸಿದ್ದ ನನ್ನ ವೀಣೆಯನ್ನು ತೊಡೆಯ ಮೇಲೆ ಎಳೆದುಕೊಂಡು, ನೋವಾದರೆ ಆಗಲಿ ಅಂತ ತೋರುಬೆರಳಲ್ಲಿ ಒಂದೇ ಒಂದು ಸಲ ಎಳೆದು ನೋಡಿದೆ. ಆಗ ಗೊತ್ತಾಯಿತು. ತಂತಿ ಬೆರಳನ್ನು ವಾಪಸ್ ಎಳೆಯುತ್ತದೆ. ಎಷ್ಟು ಜೋರಾಗಿ ವಾಪಸ್ ಎಳೆಯುತ್ತಿದೆ ಅನ್ನುವುದರ ಮೇಲೆಯೇ ಮಧ್ಯಮ ಬಂತು ಅಂತ ನನ್ನ ಬೆರಳು ಇಷ್ಟು ವರ್ಷ ತಿಳಿದುಕೊಳ್ಳುತ್ತಿದ್ದದ್ದು. ದೂರ ನೋಡಿ ಅಲ್ಲವೇ ಅಲ್ಲ. ಗಾಳಿಗೆ ಬಿಗಿ ಇಲ್ಲ. ಅದು ಯಾರ ಕೈಯನ್ನೂ ತಡೆಯುವುದಿಲ್ಲ.

ಬೆಳಿಗ್ಗೆ ಹೊಲಿಗೆ ಡಬ್ಬಿಯಿಂದ ಅರ್ಧ ಇಂಚಿನ ಎಲಾಸ್ಟಿಕ್ ತೆಗೆದೆ. ಲಂಗದ ಸೊಂಟಕ್ಕೆ ಹಾಕುತ್ತೇವಲ್ಲ, ಅದೇ. ಒಂದು ತುದಿಯನ್ನು ಪೆಟ್ಟಿಗೆಯ ಕೊಕ್ಕೆಗೆ ಕಟ್ಟಿದೆ. ಇನ್ನೊಂದು ತುದಿಯಲ್ಲಿ ಕುಣಿಕೆ ಮಾಡಿ ಅಂಗೈಗೆ ಹಾಕಿಕೊಂಡೆ, ಬೆರಳಿಗಲ್ಲ. ಬೆರಳು ಮಡಚುವ ಪ್ರಶ್ನೆಯೇ ಇಲ್ಲ, ಇಡೀ ಕೈ ಮಣಿಕಟ್ಟಿನಿಂದ ಎಳೆಯುತ್ತದೆ. ಎಳೆದೆ. ಎಲಾಸ್ಟಿಕ್ ವಾಪಸ್ ಎಳೆಯಿತು. ಮೂರನೇ ಸಲಕ್ಕೆ ಗಾಂಧಾರ ಬಂತು. ಪಾಠಕ್ಕೆ ಬಂದಿದ್ದ ಹುಡುಗಿ "ಟೀಚರ್, ತೋಡಿ ಅಲ್ವಾ?" ಅಂದಳು. ಅಷ್ಟು ಸಾಕಿತ್ತು ನನಗೆ.

ಎಲಾಸ್ಟಿಕ್ ನೋಡಿ ಹುಡುಗನ ಮುಖ ಚಿಕ್ಕದಾಯಿತು. "ಟಚ್‌ಲೆಸ್ ಮಾಡ್ಬೇಕು ಅಂತ ಇಷ್ಟೆಲ್ಲ ಒದ್ದಾಡಿದ್ದು," ಅಂದ. ಹತ್ತು ನಿಮಿಷ ಮಾತಿಲ್ಲ. ಆಮೇಲೆ ಬಿಲ್ಲಿನ ಹಿಂಬದಿಯಲ್ಲಿ ಒಂದು ಗೆರೆ ಎಳೆದು ತೋರಿಸಿದ. ತಂತಿಯನ್ನು ಅಡ್ಡಕ್ಕೆ ಎಳೆದಾಗ ಶುರುವಿನಲ್ಲಿ ಅದರ ಉದ್ದ ಹೆಚ್ಚೇನೂ ಹೆಚ್ಚುವುದಿಲ್ಲ. ಎಳೆತ ಎರಡರಷ್ಟಾದರೆ ಉದ್ದದ ಹೆಚ್ಚಳ ಸುಮಾರು ನಾಲ್ಕರಷ್ಟಾಗುತ್ತದೆ. ಬಿಗಿಯೂ ಹಾಗೇ, ಸ್ವರವೂ ಹಾಗೇ. ಅವನ ಪೆಟ್ಟಿಗೆಯಲ್ಲಿ ಮಾತ್ರ ದೂರಕ್ಕೆ ಸಮನಾಗಿ ಸ್ವರ ಏರುತ್ತಿತ್ತು. "ಶುರುವಿಗೆ ನಿಧಾನ, ಆಮೇಲೆ ಬೇಗ, ಹಂಗೆ ಮಾಡ್ಲಾ?" ಅಂದ. ನಾನು ಎರಡು ವಾರದಿಂದ ಅದನ್ನೇ ಹೇಳುತ್ತಿದ್ದೆ, ಅವನ ಭಾಷೆಯಲ್ಲಿ ಹೇಳಲು ಬಂದಿರಲಿಲ್ಲ. ಗೆರೆಯನ್ನು ಬಾಗಿಸಿದ ಮೇಲೆ ಸಣ್ಣ ಕಂಪಿತವೂ (ಸ್ವರ ನಡುಗಿಸುವ ಗಮಕ) ಕೈಗೆ ಸಿಕ್ಕಿತು. ಪೆಟ್ಟಿಗೆಯನ್ನು ಮಲಗಿಸಿ ಸೆನ್ಸರ್ ಪಕ್ಕಕ್ಕೆ ನೋಡುವ ಹಾಗೆ ತಿರುಗಿಸಿದ, ಈಗ ಕೈ ವೀಣೆಯಲ್ಲಿ ಹೋಗುವ ದಿಕ್ಕಿಗೇ ಹೋಗುತ್ತದೆ.

ದೂರುಗಳಿಗೆ ಬರೋಣ. ಬಿಸಿಲು ಇದಕ್ಕೆ ಆಗುವುದಿಲ್ಲ. ಸೂರ್ಯನ ಬೆಳಕಿನಲ್ಲೂ ಅದೇ ಕಾಣದ ಬೆಳಕು ಇರುವುದರಿಂದ ಸೆನ್ಸರಿಗೆ ಕಣ್ಣು ಕುಕ್ಕುತ್ತದೆ. ನಮ್ಮ ಹಾಲಿಗೆ ಸಂಜೆ ನಾಲ್ಕಕ್ಕೆ ಪಶ್ಚಿಮದ ಕಿಟಕಿಯಿಂದ ಬಿಸಿಲು ಬೀಳುತ್ತದೆ. ಆಗ ಪರದೆ ಎಳೆದುಕೊಂಡೇ ಕೂರಬೇಕು. ಐದು ಸೆಂಟಿಮೀಟರಿಗಿಂತ ಹತ್ತಿರ ಕೈ ತಂದರೆ ಲೆಕ್ಕ ಕೆಡುತ್ತದೆ, ಹಾಗಾಗಿ ಒಳಗಡೆ ಒಂದು ಮರದ ತಡೆ ಹೊಡೆಸಬೇಕಾಯಿತು.

ಸೆರಗಿನ ಕಥೆ ಹೇಳಲೇಬೇಕು. ಮನೆಯಲ್ಲಿ ನಾಲ್ಕು ಜನ ಕೂತಿದ್ದಾಗ ನುಡಿಸುತ್ತಿದ್ದೆ. ಬಗ್ಗಿದೆ, ಸೆರಗು ಜಾರಿ ಸೆನ್ಸರಿನ ಮುಂದೆ ಬಿತ್ತು. ಕಲ್ಯಾಣಿ ರಾಗ ಇದ್ದಕ್ಕಿದ್ದ ಹಾಗೆ ಎಲ್ಲಿಗೋ ಹಾರಿತು. ಯಂತ್ರಕ್ಕೆ ಯಾವುದು ಗಮಕ, ಯಾವುದು ಸೆರಗು ಅಂತ ಗೊತ್ತಾಗುವುದಿಲ್ಲ. ಮೂಗು ತುರಿಸಿಕೊಳ್ಳಲು ಕೈ ತೆಗೆದರೂ ಅದು ಎಳೆತವೇ. ಅದಕ್ಕೇ ಪೆಡಲ್. ಹಳೆ ಹೊಲಿಗೆ ಮಷಿನ್ನಿನ ಮೋಟರ್ ಪೆಡಲನ್ನು ಸ್ವಿಚ್ ಮಾಡಿಕೊಟ್ಟಿದ್ದಾನೆ. ಕಾಲು ಒತ್ತಿದ್ದಾಗ ಮಾತ್ರ ಪೆಟ್ಟಿಗೆ ಕೈ ನೋಡುತ್ತದೆ. ಇದು ಮೊದಲ ದಿನವೇ ಇರಬೇಕಾಗಿತ್ತು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ನುಡಿಸುವವರಿಗೆ ಕಾಲಿನ ಪೆಡಲ್ ಎಷ್ಟು ಕಷ್ಟ ಅಂತ ಅವನೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ. ಈಗ ಮೊಣಕಾಲಿನ ಕೆಳಗೆ ಇಟ್ಟುಕೊಂಡು ಮೊಣಕಾಲಲ್ಲೇ ಒತ್ತುತ್ತೇನೆ.

ಸರ್ವೀಸ್ ಬಗ್ಗೆ: ಹುಡುಗ ಪ್ರಾಮಾಣಿಕ, ಆದರೆ ದಿನ ಹೇಳಿದರೆ ನಂಬಬೇಡಿ. ಫೋನ್ ಎತ್ತುವುದಿಲ್ಲ. ಹಾಸನಾಂಬೆ ಬಾಗಿಲು ತೆಗೆಯುವುದು ವರ್ಷಕ್ಕೊಂದೇ ಸಲ, ದೀಪಾವಳಿ ಸುತ್ತಮುತ್ತ. ಆ ದಿನಗಳಲ್ಲಿ ಊರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನನ್ನ ಪೆಟ್ಟಿಗೆಯ ಕೆಲಸ ಸರಿಯಾಗಿ ಆಗಲೇ ಸಿಕ್ಕಿಹಾಕಿಕೊಂಡಿತು. ಅಂಗಡಿ ಮುಂದೆ ಮೊಬೈಲ್ ಚಾರ್ಜರ್ ಮಾರಾಟ, ಒಳಗೆ ನನ್ನ ಸೆನ್ಸರ್ ಅನಾಥ. ಒಂದು ತಿಂಗಳಿಗೆ ಯುಎಸ್‌ಬಿ ಸಾಕೆಟ್ ಸಡಿಲವಾಯಿತು. ಕೇಳಿದ್ದಕ್ಕೆ ಕಾಸಿಲ್ಲದೆ ಬೆಸೆದುಕೊಟ್ಟ, ಅದು ಒಳ್ಳೆಯದು. ಪೆಟ್ಟಿಗೆಯ ಮುಚ್ಚಳ ಕಿರುಗುಟ್ಟುತ್ತದೆ, ಇನ್ನೂ ಸರಿ ಮಾಡಿಲ್ಲ.

ದನಿ ಬಡಕಲು ಅಂದೆನಲ್ಲ. ರುದ್ರಪಟ್ಟಣದಲ್ಲಿ ನನ್ನ ದೊಡ್ಡಪ್ಪ ಇದ್ದಾರೆ. ಅರಕಲಗೂಡು ತಾಲ್ಲೂಕು, ಕಾವೇರಿ ದಂಡೆ. ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ಊರು. ತಂಬೂರಿಯ ಆಕಾರದಲ್ಲಿ ಗುಡಿ ಕಟ್ಟಿಸಿದ ಊರು ಅಂದರೆ ನೀವೇ ಅಂದಾಜು ಮಾಡಿ, ಅಲ್ಲಿ ಕಿವಿ ತಪ್ಪಿಸಿಕೊಂಡು ಏನೂ ನುಡಿಸುವ ಹಾಗಿಲ್ಲ. ಪೆಟ್ಟಿಗೆ, ಲ್ಯಾಪ್‌ಟಾಪ್, ಸ್ಪೀಕರ್ ಎಲ್ಲ ಹೊತ್ತುಕೊಂಡು ಹೋಗಿ ಜಗಲಿಯಲ್ಲಿ ಕೂತು ತೋಡಿ ನುಡಿಸಿದೆ. ದೊಡ್ಡಪ್ಪ ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ ಎಲೆ ಅಡಿಕೆ ಸರಿಮಾಡಿಕೊಂಡು, "ಗಾಂಧಾರ ಸರಿ ಇದೆ ಮಗ. ಕೊಡ ಎಲ್ಲಿ?" ಅಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಅದೇ ತಲೆಯಲ್ಲಿ ಕೊರೆಯಿತು. ಕೊಡ ಎಲ್ಲಿ? ಕೊಡ ಮನೆಯಲ್ಲಿ ಗೋಡೆಗೆ ಒರಗಿದೆ.

ಹುಡುಗನಿಗೆ ಹೇಳಿದೆ. ಅವನು ಎಕ್ಸೈಟರ್ ಅಂತ ಒಂದು ಬಿಲ್ಲೆ ತರಿಸಿದ. 650 ರೂಪಾಯಿ, ಮೇಲಿನ ಲೆಕ್ಕದಲ್ಲಿ ಇದು ಸೇರಿಲ್ಲ. ಇದು ಸ್ಪೀಕರೇ, ಆದರೆ ಕಾಗದದ ಬಟ್ಟಲು ಇಲ್ಲ. ಯಾವ ಹಲಗೆಗೆ ಅಂಟಿಸುತ್ತೀರೋ ಆ ಹಲಗೆಯನ್ನೇ ನಡುಗಿಸಿ ಸದ್ದು ಮಾಡಿಸುತ್ತದೆ. ಸಣ್ಣ ಆಂಪ್ಲಿಫೈಯರ್ ಅವನ ಹಳೆ ಸಾಮಾನಿನಿಂದ ಬಂತು. ನನ್ನ ವೀಣೆಯ ಕೊಡದ ಮೇಲೆ, ತಂತಿಗಳನ್ನು ಹೊರುವ ಕುದುರೆಯ ಪಕ್ಕ ಅಂಟಿಸಿದೆವು. ನುಡಿಸುವ ನಾಲ್ಕು ತಂತಿಯನ್ನೂ ಪಕ್ಕದ ಮೂರು ತಾಳದ ತಂತಿಯನ್ನೂ ಶ್ರುತಿ ಮಾಡಿಟ್ಟೆ, ಎರಡು ವರ್ಷದ ಮೇಲೆ. ಬಿರಡೆ ತಿರುಗಿಸುವಾಗಲೇ ಕೈ ನಡುಗುತ್ತಿತ್ತು.

ಈಗ ಪಕ್ಕದಲ್ಲಿ ಕೂತು ಕೀ ಒತ್ತಿ ಎಲಾಸ್ಟಿಕ್ ಎಳೆದರೆ ಸದ್ದು ವೀಣೆಯಿಂದ ಬರುತ್ತದೆ. ಬರೀ ಅಷ್ಟೇ ಅಲ್ಲ. ಷಡ್ಜ (ಸ) ಹಿಡಿದರೆ ಯಾರೂ ಮುಟ್ಟದ ತಾಳದ ತಂತಿ ತಾನೇ ಜುಮ್ ಅನ್ನುತ್ತದೆ. ಪಂಚಮಕ್ಕೂ ಹಾಗೇ. ಕೀ ಬಿಟ್ಟ ಮೇಲೂ ಮರ ಸ್ವಲ್ಪ ಹೊತ್ತು ಹಿಡಿದುಕೊಂಡಿರುತ್ತದೆ. ಇದನ್ನು ಸಾಫ್ಟ್‌ವೇರಿನಲ್ಲಿ ಯಾರೂ ಬರೆದಿಲ್ಲ, ವೀಣೆಯೇ ಮಾಡುತ್ತಿದೆ.

ಪೂರ್ತಿ ಸರಿ ಹೋಗಿದೆ ಅನ್ನಲಾರೆ. ಬಲಗೈಯ ಮೀಟಿಗೆ ನೂರು ಬಗೆ ಇದೆ, ಕೀಗೆ ಜೋರು ಮೆತ್ತಗೆ ಬಿಟ್ಟರೆ ಬೇರೆ ಗೊತ್ತಿಲ್ಲ. ಲಯ ಹಿಡಿದು ಚುರುಕಾಗಿ ಮೀಟುವ ತಾನ ನುಡಿಸಿದರೆ ಟೈಪ್‌ರೈಟರ್ ನೆನಪಾಗುತ್ತದೆ, ಹಾಗಾಗಿ ತಾನದ ತಂಟೆಗೆ ಹೋಗುವುದಿಲ್ಲ. ನಿಧಾನವಾಗಿ ರಾಗ ಬಿಡಿಸುವ ಆಲಾಪನೆಗೆ ಮಾತ್ರ ಇದು. ಎರಡು ಕಡೆ ಅಂಟಿನ ಟೇಪು ಕೊಡದ ಪಾಲಿಶ್ ಕಿತ್ತಿದೆ, ಈಗ ಮೇಣದಲ್ಲಿ ಕೂರಿಸಿದ್ದೇನೆ, ಮೆಟ್ಟಿಲು ಕೂರಿಸುವ ಅದೇ ಮೇಣ. ಕರೆಂಟ್ ಹೋದರೆ ಲ್ಯಾಪ್‌ಟಾಪ್ ನಡೆಯುತ್ತದೆ, ಆಂಪ್ಲಿಫೈಯರ್ ನಿಲ್ಲುತ್ತದೆ.

ಮಾಡಿಸಬೇಕು ಅನ್ನುವವರು ಮಧ್ಯಾಹ್ನ ಹನ್ನೆರಡರ ಮೇಲೆ ಹೋಗಿ, ಅದಕ್ಕೆ ಮುಂಚೆ ಅವನು ಬಾಗಿಲು ತೆಗೆಯುವುದಿಲ್ಲ. ನಿಮ್ಮ ವಾದ್ಯವನ್ನೂ ಜೊತೆಗೆ ತೆಗೆದುಕೊಂಡು ಹೋಗಿ ಅವನೆದುರು ನುಡಿಸಿ ತೋರಿಸಿ, ಬಾಯಲ್ಲಿ ಹೇಳಿದರೆ ಅವನಿಗೆ ಹೊಳೆಯುವುದಿಲ್ಲ. ಮುಂಗಡ ಅರ್ಧ ಮಾತ್ರ ಕೊಡಿ. ಎಲಾಸ್ಟಿಕ್ ನೀವೇ ಕೊಂಡುಕೊಳ್ಳಿ, ಅರ್ಧ ಇಂಚಿನದು, ನೇಯ್ದದ್ದು. ನನ್ನದು ಮೂರನೆಯದು ನಡೆಯುತ್ತಿದೆ.